ಕುರಿ ಮಲಗದ ಜಾಗ

ಬೆಂಕಿ ತಗ್ಗಿದ ಮೇಲೆಯೇ ನಮ್ಮ ನಿಜವಾದ ಕೆಲಸ ಶುರುವಾಗುವುದು. ಜ್ವಾಲೆ ಇರುವತನಕ ಊರೆಲ್ಲ ಬರುತ್ತದೆ, ಮೊಬೈಲ್ ಎತ್ತಿ ವಿಡಿಯೋ ಮಾಡುತ್ತದೆ, ನಮಗೇ ಬುದ್ಧಿ ಹೇಳುತ್ತದೆ. ಹೊಗೆ ತೆಳ್ಳಗಾದ ಕೂಡಲೇ ಎಲ್ಲರೂ ಮಾಯ. ಆಮೇಲೆ ಉಳಿಯುವುದು ಬೂದಿ, ನಾವು ನಾಲ್ಕು ಜನ, ಮತ್ತು ಮಣ್ಣಿನೊಳಗೆ ಬೇರಿನಲ್ಲಿ ಅಡಗಿ ಕೂತ ಕೆಂಡ.

ನಾನು ಅರಣ್ಯ ಇಲಾಖೆಯ ಗಾರ್ಡ್. ಬಸವಕಲ್ಯಾಣ, ಹುಮನಾಬಾದ್ ನಡುವಿನ ಗುಡ್ಡಗಳಲ್ಲಿ ಹದಿನೆಂಟು ವರ್ಷ ಅಲೆದವನು. ಹೋದ ಬೇಸಿಗೆ ಆ ಗುಡ್ಡಗಳು ನಾಲ್ಕು ದಿನ ಉರಿದವು. ಐದನೇ ದಿನ ಬೆಂಕಿ ಇಳಿದಾಗ ನನಗಿದ್ದದ್ದು ಒಂದೇ ಚಿಂತೆ: ನನ್ನ ನೆಡುತೋಪು. ಸುಟ್ಟ ಇಳಿಜಾರಿನ ಕೆಳಗೆ, ಒಂದು ಗಾಡಿದಾರಿಯ ಆಚೆ, ನಾನು ಆರು ವರ್ಷ ಬೆಳೆಸಿದ ಬೇವು, ಹೊಂಗೆ, ಸೀತಾಫಲದ ಗಿಡಗಳಿದ್ದವು. ಮೊದಲೆರಡು ಬೇಸಿಗೆ ಬೈಕಿಗೆ ಕ್ಯಾನ್ ಕಟ್ಟಿಕೊಂಡು ಹೋಗಿ ನೀರು ಹಾಕಿದ್ದೇನೆ. ‘ಮಕ್ಕಳು ಹುಟ್ಟಿದ ದಿನ ನೆನಪಿಲ್ಲ ನಿಮಗ, ಗಿಡ ಹಚ್ಚಿದ ದಿನ ಬರೋಬ್ಬರಿ ನೆನಪದ’ ಎಂದು ಹೆಂಡತಿ ಹಂಗಿಸುತ್ತಿದ್ದಳು. ಸುಳ್ಳಲ್ಲ. ಬೆಂಕಿ ಆ ಗಾಡಿದಾರಿಯವರೆಗೆ ಬಂದು ನಿಂತಿತ್ತು.

ಆರಿದ ನೆಲ ನೋಡುವುದಕ್ಕೆ ನಮ್ಮದೊಂದು ಪದ್ಧತಿಯಿದೆ. ಅಂಗೈ ಮಗುಚಿ ಹಿಂಗೈಯನ್ನು ಬೂದಿಗೆ ಹತ್ತಿರ ಹಿಡಿಯುವುದು. ಬಿಸಿ ತಾಗದಿದ್ದರೆ ಪಕ್ಕದ ಕಲ್ಲಿನ ಮೇಲೆ ಒಂದು ಹಿಡಿ ಸುಣ್ಣದ ಪುಡಿ ಸುರಿಯುವುದು. ಸುಣ್ಣ ಬಿತ್ತೆಂದರೆ ಆ ಜಾಗ ತಣ್ಣಗಾಯಿತು ಎಂದರ್ಥ, ಮತ್ತೆ ಯಾರೂ ಅಲ್ಲಿ ನೋಡುವುದಿಲ್ಲ.

ಹೀಗೆ ಸುಣ್ಣ ಹಾಕುತ್ತ ನಡೆದಿದ್ದಾಗ ಆ ಕುರಿಗಾರ ಬಂದ. ರಾಜೇಶ್ವರದ ಕಡೆಯವನು, ಅರವತ್ತು ದಾಟಿದ್ದ, ಹೆಗಲ ಮೇಲೆ ಕರಿ ಕಂಬಳಿ, ಬರಿಗಾಲು. ನಮ್ಮ ರೇಂಜರ್ ಮೇಡಂ ಮೈಸೂರಿನ ಕಡೆಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಇವನು ನನ್ನನ್ನು ದಾಟಿ ನೇರ ಅವರ ಮುಂದೆ ಹೋಗಿ ನಿಂತ.

“ಮೇಡಂನೋರ, ಮಧ್ಯಾಹ್ನ ನನ್ನ ಕುರಿ ಈ ಕರಿ ನೆಲದಾಗ ನಿಂದರಸ್ತೀನ್ರಿ. ನೆಲ ತಂಪಿದ್ರ ಮಲಗ್ತಾವ. ಎಲ್ಲಿ ಮಲಗಂಗಿಲ್ಲೋ ಅಲ್ಲಿ ಅಗದು ನೋಡ್ರಿ, ಕೆಳಗ ಬೆಂಕಿ ಇರ್ತದ.”

ನಾನು ಜೋರಾಗಿಯೇ ನಕ್ಕೆ. ಮೇಡಂ ನಗಲಿಲ್ಲ. “ಆಯ್ತು ಕಾಕಾ, ನೋಡೋಣ” ಎಂದರು. ಕಾಕಾ! ಎರಡು ವರ್ಷದಿಂದ ನನ್ನನ್ನು ‘ಗಾರ್ಡ್’ ಎಂದು ಕರೆಯುವ ಬಾಯಿ ಅದು.

ಕುರಿಗಳು ಬಂದವು. ಬೂದಿಯ ಮೇಲೆ ಗುಂಪುಗುಂಪಾಗಿ ತಲೆ ತಗ್ಗಿಸಿ ಮಲಗಿದವು. ಒಂದು ಕಡೆ ಮಾತ್ರ ಏಳೆಂಟು ಕುರಿಗಳು ಕಾಲು ಎತ್ತಿಡುತ್ತ, ಒಂದನ್ನೊಂದು ತಳ್ಳುತ್ತ ನಿಂತೇ ಇದ್ದವು. ನಮ್ಮ ಜೊತೆಗಿದ್ದ ವಾಚರ್ ಆ ಜಾಗ ಅಗೆದ. ಮೊಣಕೈ ಆಳದಲ್ಲಿ ಮುತ್ತುಗದ ಬೇರು ನಿಗಿನಿಗಿ ಕೆಂಪಗಿತ್ತು. ಪಕ್ಕದ ಕಲ್ಲಿನ ಮೇಲೆ ಬೆಳಿಗ್ಗೆ ನಾನೇ ಹಾಕಿದ ಸುಣ್ಣ. ಮೇಡಂ ಸುಣ್ಣ ನೋಡಿದರು, ನನ್ನನ್ನು ನೋಡಿದರು, ಮುಂದಿನ ಕಲ್ಲಿನತ್ತ ನಡೆದರು. ನಾಲ್ಕು ಮಾತು ಬೈದಿದ್ದರೂ ಸಹಿಸುತ್ತಿದ್ದೆ.

ಮರುದಿನ ಕುರಿಗಳು ಇನ್ನೂ ಮೂರು ಕಡೆ ಮಲಗಲಿಲ್ಲ, ಮೂರು ಕಡೆಯೂ ಕೆಂಡ ಸಿಕ್ಕಿತು. ಅಲ್ಲಿಂದ ಅವನದೇ ದರ್ಬಾರು. ಚಹಾ ಬಂದರೆ ಮೊದಲ ಕಪ್ಪು ಅವನಿಗೆ. ನನ್ನ ಕೈಕೆಳಗಿನ ವಾಚರ್ ನನ್ನೆದುರೇ, “ಕಾಕಾ ಭಾಳ ಹುಷಾರ್ ಮನಷ್ಯಾ ಅದಾನ್ರಿ ಸರ್” ಎಂದ.

“ಕುರಿ ಹುಷಾರ್ ಅವ. ಅಂವ ಹಿಂದಿಂದ ಬರ್ತಾನಷ್ಟ” ಎಂದೆ.

ಯಾರೂ ನಗಲಿಲ್ಲ. ಮುಚ್ಚಿಡುವುದೇಕೆ, ನನಗೆ ಹೊಟ್ಟೆಕಿಚ್ಚು. ಗಾರ್ಡ್ ಪರೀಕ್ಷೆ ಪಾಸಾದವನು ನಾನು, ತರಬೇತಿ ಮುಗಿಸಿದವನು ನಾನು, ಈ ಗುಡ್ಡದ ಒಂದೊಂದು ಹಳ್ಳ ಬಲ್ಲವನು ನಾನು. ಆ ಮುದುಕ ಬರಿಗಾಲಲ್ಲಿ ಬಂದು ಎರಡು ದಿನದಲ್ಲಿ ನನ್ನ ಹದಿನೆಂಟು ವರ್ಷವನ್ನು ಗುಡಿಸಿ ಹಾಕಿದ್ದ. ಮನೆಯಲ್ಲಿ ಊಟಕ್ಕೆ ಕೂತರೂ ಅವನದೇ ಧ್ಯಾನ. ಪಲ್ಯಕ್ಕೆ ಉಪ್ಪಿಲ್ಲವೆಂದು ಹೆಂಡತಿಯ ಮೇಲೆ ಹರಿಹಾಯ್ದೆ. ಉಪ್ಪಿತ್ತು.

ಮೂರನೇ ದಿನ ಮೇಡಂ ಮೀಟಿಂಗಿಗೆಂದು ಹುಮನಾಬಾದಿಗೆ ಹೋದರು. ಇನ್ನು ನೋಡಲು ಉಳಿದದ್ದು ನನ್ನ ನೆಡುತೋಪಿನ ಎದುರಿನ ಅಂಚು ಮಾತ್ರ. ಮಧ್ಯಾಹ್ನ ಅವನು ಕುರಿ ಹೊಡೆದುಕೊಂಡು ಅದೇ ಗಾಡಿದಾರಿಗೆ ಬಂದ. ನಾನು ಅಡ್ಡ ನಿಂತೆ.

“ರಿಸರ್ವ್ ಫಾರೆಸ್ಟಿನಾಗ ಕುರಿ ಬಿಡಂಗಿಲ್ಲ. ಕಾಯ್ದೆ ಅದ.”

“ಮೇಡಂನೋರು ಹೂಂ ಅಂದಾರಲ್ರಿ ಸಾಬ್ರ.”

“ಬಾಯಿಲೆ ಅಂದಾರ. ಕಾಗದ ಇದ್ರ ತೋರ್ಸು.”

ಅವನು ಕೋಲಿಗೆ ಗದ್ದ ಊರಿ ಸುಟ್ಟ ಅಂಚಿನತ್ತ ನೋಡಿದ. “ಈ ಬಾಜೂ ಒಂದೀಟು ನೋಡಬೇಕಿತ್ರಿ. ಆಚಿ ಕಡೆ ನಿಮ್ಮ ಗಿಡ ಅವ.”

“ನನ್ನ ಗಿಡ ನನಗ ಗೊತ್ತದ. ನಡಿ, ನಡಿ!”

ನನ್ನ ತಂದೆಯ ವಯಸ್ಸಿನವನಿಗೆ ‘ನಡಿ’ ಎಂದೆ. ಅವನು ಸೀಟಿ ಹಾಕಿ ಕುರಿ ತಿರುಗಿಸಿದ. ಆ ಅಂಚನ್ನು ನಾನೊಬ್ಬನೇ ನೋಡಿದೆ. ಹಿಂಗೈ ಹಿಡಿದೆ, ಸುಣ್ಣ ಹಾಕಿದೆ. ಒಂದು ಮೋಟು ಮರದ ಬುಡದಲ್ಲಿ ಹೊಗೆಯ ವಾಸನೆ ಬಂದಂತಾಯಿತು. ವಾರವಿಡೀ ಹೊಗೆಯಲ್ಲೇ ಇದ್ದ ನನ್ನ ಅಂಗಿಯದೇ ಇರಬೇಕೆಂದುಕೊಂಡೆ. ಅಗೆಯಲು ಗುದ್ದಲಿ ಕೇಳಿದರೆ ವಾಚರ್ ಮತ್ತೆ ಕಾಕಾನ ಹೆಸರೆತ್ತುತ್ತಾನೆ ಎಂಬ ಸಿಟ್ಟೂ ಇತ್ತು. ಅದಕ್ಕೂ ಒಂದು ಹಿಡಿ ಸುಣ್ಣ ಸುರಿದು ಮನೆಗೆ ಹೋದೆ.

ಮರುದಿನ ಮಧ್ಯಾಹ್ನ ಗಾಳಿ ಎದ್ದಿತು. ಗುಡ್ಡದ ನೆತ್ತಿಯಲ್ಲಿ ರೊಟ್ಟಿ ಬಿಚ್ಚಿ ಕೂತಿದ್ದೆ. ಕೆಳಗೆ ಗಾಡಿದಾರಿಯ ಹತ್ತಿರ ಹೊಗೆ ಕಂಡಿತು. ರೊಟ್ಟಿ ಎಲ್ಲಿ ಬಿತ್ತೋ ಗೊತ್ತಿಲ್ಲ. ವಾಚರನ್ನು ಕೂಗುತ್ತ ಜಾರುತ್ತ ಬೀಳುತ್ತ ಇಳಿದೆ. ಕಿಡಿ ದಾರಿ ಹಾರಿ ನನ್ನ ಮೊದಲ ಸಾಲಿನ ಹುಲ್ಲಿಗೆ ಹತ್ತಿತ್ತು. ಕುರಿಗಾರ ಆಗಲೇ ಅಲ್ಲಿದ್ದ. ಕುರಿಗೆಂದು ತಂದ ನೀರಿನಲ್ಲಿ ಕಂಬಳಿ ಅದ್ದಿ ನೆಲಕ್ಕೆ ಬಡಿಯುತ್ತಿದ್ದ. ನಾನೂ ವಾಚರೂ ನನ್ನದೇ ಬೇವಿನ ಟೊಂಗೆ ಮುರಿದು ಬಡಿದೆವು. ಬೆಂಕಿ ನಿಲ್ಲುವಷ್ಟರಲ್ಲಿ ಎರಡು ಸಾಲು ಗಿಡ ಹೋಗಿದ್ದವು. ಉಳಿದದ್ದೆಲ್ಲ ಉಳಿಯಿತು. ಅವನ ಕಂಬಳಿ ಮಾತ್ರ ಜರಡಿಯಾಗಿತ್ತು.

ಬೆಂಕಿ ಎದ್ದದ್ದು ಅದೇ ಮೋಟು ಮರದ ಬುಡದಿಂದ. ಪಕ್ಕದ ಕಲ್ಲಿನ ಮೇಲೆ ನನ್ನ ಸುಣ್ಣ ಬೆಳ್ಳಗೆ ಕೂತಿತ್ತು. ಅವನು ಸುಣ್ಣ ನೋಡಿದ, ನನ್ನ ಮುಖ ನೋಡಿದ. ಅಷ್ಟರಲ್ಲಿ ಮೇಡಂ ಜೀಪಿನ ಸದ್ದು ಕೇಳಿಸಿತು. ಅವನು ಆ ಕಲ್ಲಿನ ಹತ್ತಿರ ಹೋಗಿ ಬರಿಗಾಲಿನಿಂದ ಸುಣ್ಣ ಒರೆಸಿ, ಮೇಲೆ ಒಂದಿಷ್ಟು ಮಣ್ಣು ಎಳೆದು ನಿಂತ.

“ಈ ಅಂಚು ಚೆಕ್ ಮಾಡಿರಲಿಲ್ವಾ?” ಎಂದು ಮೇಡಂ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: “ಇಲ್ಲಿ ತನಕ ಬಂದಿದ್ದಿಲ್ರಿ ಮೇಡಂನೋರ. ನಿನ್ನೆ ಕುರಿಗೆ ನೀರು ಕುಡಸೂದಿತ್ತು, ನಾನ ಹೊಳ್ಳಿ ಹೋದೆ.”

ನಾನು ಕೈಯಲ್ಲಿದ್ದ ಬೇವಿನ ಟೊಂಗೆಯಿಂದ ಆರಿದ ಹುಲ್ಲನ್ನೇ ಮತ್ತೆ ಬಡಿಯತೊಡಗಿದೆ.

ಮಳೆ ಬಿದ್ದ ಮೇಲೆ ಆ ಎರಡು ಸಾಲಿಗೆ ಹೊಸ ಗಿಡ ಹಚ್ಚಿದೆವು. ಹುಮನಾಬಾದಿನಿಂದ ಕಂಬಳಿ ತಂದು ಅವನಿಗೆ ಕೊಟ್ಟಿದ್ದೆ. “ಯಾಕ್ರಿ ಸಾಬ್ರ ಇದೆಲ್ಲ” ಎಂದು ನಕ್ಕು ಹೊದ್ದುಕೊಂಡಿದ್ದ. ಆದರೂ ನನ್ನ ಎದೆಯ ಭಾರ ಇಳಿದಿರಲಿಲ್ಲ. ಗುಂಡಿಗೆ ಮಣ್ಣು ತುಂಬುತ್ತ ಮೇಡಂಗೆ ಹೇಳಿಯೇಬಿಟ್ಟೆ: “ಮೇಡಂ, ಅವತ್ತು ಆ ಜಾಗಕ್ಕ ನಾನ ಸುಣ್ಣ ಹಾಕಿದ್ದೆ. ಕುರಿ ಹೊಳ್ಳಿಸಿದಾಂವನೂ ನಾನ.”

ಅವರು ಗಿಡದಿಂದ ತಲೆಯೆತ್ತಲಿಲ್ಲ. “ಗೊತ್ತು. ಕಾಕಾನ ಕಾಲೆಲ್ಲ ಸುಣ್ಣ ಆಗಿತ್ತಲ್ಲ.”

“ಮತ್ತ ಅವತ್ತ ಯಾಕ ಕೇಳ್ಲಿಲ್ರಿ?”

“ಅಷ್ಟು ದೊಡ್ಡ ಮನುಷ್ಯ ನನ್ನ ಮುಂದೆ ನಿಂತು ಸುಳ್ಳು ಹೇಳ್ತಿದ್ರು. ಅವರ ಮಾತು ತೆಗೆದು ಹಾಕೋಕೆ ಮನಸ್ಸಾಗಲಿಲ್ಲ.”

ಅಂದರೆ ಇಷ್ಟು ದಿನ ನನ್ನ ಮಾನ ಉಳಿದದ್ದು ನನಗಾಗಿ ಅಲ್ಲ, ಅವನ ಮುಖ ನೋಡಿ. ಗಾಡಿದಾರಿಯಲ್ಲಿ ಅವನು ನಾನು ಕೊಟ್ಟ ಕಂಬಳಿ ಹೊದ್ದು ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಮೇಡಂ ಎದ್ದು ನಿಂತು “ಕಾಕಾ, ಚಹಾ ಕುಡಿದು ಹೋಗಿ” ಎಂದು ಕೂಗಿದರು. ನನಗೆ ಮತ್ತೆ ಹೊಟ್ಟೆ ಉರಿಯಿತು.