ಸಿಸ್ಟರ್ ನಕ್ಕ ಮಧ್ಯಾಹ್ನ

ಪಿಂಚಣಿ ತಗೊಳ್ಳೋರು ಬದುಕಿದ್ದಾರೆ ಅಂತ ಮೊಬೈಲಿಗೆ ತೋರಿಸೋದು ನನ್ನ ಕೆಲಸ. ಮುಖದ ಮುಂದೆ ಹಿಡಿದಾಗ ಅವರು ಕಣ್ಣು ಮಿಟುಕಿಸಿದರೆ ಮುಗೀತು. ಭಾಲ್ಕಿಯ ಒಬ್ಬ ನಿವೃತ್ತ ನರ್ಸ್ ಮನೆಯಲ್ಲಿ ಮಾತ್ರ ಅದು ಮೂರು ಸಲ ‘ಜೀವಂತ ವ್ಯಕ್ತಿ ಕಾಣುತ್ತಿಲ್ಲ’ ಅಂದಿತು. ಅವರ ರೆಪ್ಪೆಯೇ ಆಡಲಿಲ್ಲ.

ಅಂಥ ಸೆಕೆಯಲ್ಲೂ ಫ್ಯಾನ್ ಬಂದ್, ಕಿಟಕಿ ಬಂದ್. ಸಿಸ್ಟರ್ ತುಟಿ ಅಲುಗಿಸದೆ ಮಾತಾಡುತ್ತಿದ್ದರು. ದನಿ ಅವರ ಬೆನ್ನ ಹಿಂದಿನಿಂದ ಬಂದ ಹಾಗಿತ್ತು.

“ಎಡಗಲ್ಲದ ನರದ ಬ್ಯಾನಿ ಇತ್ರಿ. ಗಾಳಿ ತಾಕಿದ್ರ ಸಾಕು, ಕರೆಂಟ್ ಹೊಡದಂಗ. ಡಾಕ್ಟರ್ ಒಂದೊಂದೇ ಗುಳಿಗಿ ಕಮ್ಮಿ ಮಾಡಿ, ಹೋದ ತಿಂಗಳು ಪೂರಾ ಬಿಡಿಸ್ಯಾರ.”

“ಈಗ ಬ್ಯಾನಿ ಅದೇನ್ರಿ?”

“ಇಲ್ರಿ. ಆದ್ರ ಇಲ್ಲೇ ಎಲ್ಲೋ ಕುಂತದ. ನಾ ಮುಖ ಅಲುಗಿಸೋದೇ ಕಾಯ್ಲತ್ತದ. ಚರ್ಚಿನ್ಯಾಗ ಹಾಡೂ ಹಾಡಲ್ರಿ.”

“ಹಂಗಾದ್ರ ಸರ್ಕಾರದ ಪಾಲಿಗಿ ನೀವು ಸತ್ತಂಗ್ರಿ,” ಅಂದೆ, ಸ್ವಲ್ಪ ಸಿಟ್ಟಿನಿಂದಲೇ.

ಅವರಿಗೆ ನಗು ಬಂದುಬಿಟ್ಟಿತು. ಎಡಗಲ್ಲ ಮಡಚಿತು, ಕಣ್ಣು ಮಿಟುಕಿತು, ಮೊಬೈಲಿನಲ್ಲಿ ಹಸಿರು ಗುರುತು ಬಂತು.

ನಗು ಅರ್ಧಕ್ಕೇ ನಿಂತಿತು. ಸಿಸ್ಟರ್ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. ಆ ನೋವು ಬರುವುದನ್ನೇ ಕಾಯುತ್ತ ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು.

“ಇನ್ನಾ ಬಂದಿಲ್ರಿ,” ಅಂದಿತು ಬೆನ್ನ ಹಿಂದಿನ ದನಿ. ತುಟಿ ಮತ್ತೆ ಕಲ್ಲಾಗಿತ್ತು.

ಬೀದರಿಗೆ ವಾಪಸ್ ಬಂದು ಊಟಕ್ಕೆ ಕೂತಾಗ ಹೆಂಡತಿ ನನ್ನನ್ನೇ ದಿಟ್ಟಿಸಿ ನೋಡಿದಳು.

“ಯಾಕ್ರಿ, ಹಲ್ಲು ಬ್ಯಾನಿ ಅದೇನು? ಬಂದಾಗಿಂದ ತುಟಿ ಅಲುಗಿಸದೇ ಮಾತಾಡ್ಲತ್ತೀರಿ.”