ಮೀಟರಿಗೊಂದು ಗೇಣು

ಕೇಳಿ, ನನ್ನ ಮುತ್ತಜ್ಜಿ ಹುಚ್ಚಮ್ಮ ಕತ್ತಾಳೆ ನಾರಿನ ಹಗ್ಗ ಹೊಸೆದು ಬದುಕಿದವಳು. ಇದ್ದದ್ದು ಕುಶಾಲನಗರದ ಹತ್ತಿರ. ಮಾದಾಪುರದ ಒಂದು ಎಸ್ಟೇಟಿನವರಿಗೆ ಮೆಣಸು ಕೊಯ್ಯುವ ಏಣಿ ಕಟ್ಟಲು ವರ್ಷವೂ ಅವಳ ಹಗ್ಗವೇ ಆಗಬೇಕು. ಆ ಒಂದು ಆರ್ಡರಿನ ದುಡ್ಡಲ್ಲೇ ಮನೆಗೆ ಮಳೆಗಾಲದ ಅಕ್ಕಿ.

ಅವಳ ಅಳತೆ ಮಾರು. ಎರಡೂ ಕೈ ಅಗಲಿಸಿ ಎಳೆದಷ್ಟು ಹಗ್ಗ ಒಂದು ಮಾರು, ಅದಕ್ಕೆ ಹನ್ನೆರಡು ನಯಾಪೈಸೆ. ಪ್ರತಿ ಮಾರಿನ ಮೇಲೆ ಒಂದು ಗೇಣು ಕೊಸರು, ಬಿಟ್ಟಿ. ಕೊಸರು ಬಿಡದೆ ಅವಳು ಯಾರಿಗೂ ಹಗ್ಗ ಕೊಟ್ಟವಳಲ್ಲ.

ಅರವತ್ತೆರಡನೇ ಇಸವಿಯಲ್ಲಿ ಆರ್ಡರ್ ಕೇಳಲು ಹೋದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇರಪ್ಪ ಹೊಸ ಟೇಪು ಹಿಡಿದು ಕೂತಿದ್ದರು.

"ಇನ್ನು ಮಾರು ಗೀರು ನಡೆಯುದಿಲ್ಲ ಹುಚ್ಚಮ್ಮ. ಮೀಟರಿಗೆ ಎಷ್ಟು, ಹೇಳಿ."

"ಅದೆಷ್ಟುದ್ದ ಐತೋ ನಂಗೇನ್ ಗೊತ್ತು ರೈಟ್ರೇ?"

"ಗೋಡೆಗೆ ನಿಂತು ಕೈ ಅಗಲಿಸಿ ಮಾರಾಯ್ತಿ."

"ಹಗ್ಗ ಅಳೀರಿ ಅಂದ್ರೆ ನನ್ನೇ ಅಳೀತೀರಲ್ಲ!"

ಟೇಪಿನಲ್ಲಿ ಸರಿಯಾಗಿ ಒಂದೂವರೆ ಮೀಟರ್ ಬಂತು. ಹನ್ನೆರಡನ್ನು ಒಂದೂವರೆಯಿಂದ ಭಾಗಿಸಿ ರೈಟರು ಮೀಟರಿಗೆ ಎಂಟು ಎಂದರು.

"ಹನ್ನೆರಡಿದ್ದದ್ದು ಎಂಟಾಯ್ತಾ? ನಾಲ್ಕು ಎಲ್ಲೋಯ್ತು?"

"ಎಲ್ಲಿಗೂ ಹೋಗಲಿಲ್ಲ. ಮೀಟರು ನಿಮ್ಮ ಮಾರಿಗಿಂತ ಗಿಡ್ಡ. ನೂರು ಮೀಟರ್ ಬೇಕು, ಅಂದರೆ ಅರವತ್ತೇಳು ಮಾರು. ಕಮ್ಮಿ ಬಿದ್ದರೆ ಧಣಿಗಳು ಮಡಿಕೇರಿ ಅಂಗಡಿಯಿಂದ ತರಿಸ್ತಾರೆ, ನೆನಪಿರಲಿ."

ಅರ್ಥವಾಗದಿದ್ದರೂ ಹುಚ್ಚಮ್ಮ ತಿಂಗಳಿಡೀ ಹೊಸೆದಳು. ಅರವತ್ತೇಳು ಮಾರು, ಜೊತೆಗೆ ಅರವತ್ತೇಳು ಗೇಣು. ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ಎಸ್ಟೇಟಿನ ಜಗಲಿಯಲ್ಲಿ ಕೂತು, ಟೇಪು ಇಸಿದುಕೊಂಡು ತಾನೇ ಅಳೆಯತೊಡಗಿದಳು. ಒಂದು ಮೀಟರ್, ಮೇಲೊಂದು ಗೇಣು. ಇನ್ನೊಂದು ಮೀಟರ್, ಮತ್ತೊಂದು ಗೇಣು. ತೊಂಬತ್ತೈದನೇ ಮೀಟರಿಗೆ ಗೇಣೂ ಪೂರ್ತಿ ಸಿಗದೆ ಹಗ್ಗ ಮುಗಿಯಿತು.

ಹೊರೆ ಎತ್ತಿ ಕೆಳಗೆ ನೋಡಿದಳು. ಸೆರಗು ಕೊಡವಿದಳು. ಇನ್ನೂ ಐದು ಮೀಟರ್ ಎಲ್ಲೂ ಇಲ್ಲ. ಅಕ್ಕಿ ಕಣ್ಣ ಮುಂದೆ ಬಂತು.

"ನಿಮ್ ಟೇಪು ನನ್ನ ಹಗ್ಗ ತಿಂದಾಕ್ತು ಕಣ್ರೀ!"

ದೇರಪ್ಪ ಹಗ್ಗವನ್ನು ಮೊದಲಿಂದ ಅಳೆದರು. ನೂರಾ ಹದಿಮೂರು ದಾಟಿತು. ಅವರಿಗೂ ತಲೆ ಕೆಟ್ಟಿತು. "ಎಲ್ಲಿ, ಇನ್ನೊಂದು ಸಲ ನೀವು ಅಳೆದು ತೋರಿಸಿ." ಅವಳ ಗೇಣು ಎರಡು ಸಲ ಹಗ್ಗದ ಮೇಲೆ ಬಿದ್ದದ್ದೇ ನಕ್ಕುಬಿಟ್ಟರು.

"ಮಾರಿಗೊಂದು ಗೇಣು ಬಿಡ್ತಿದ್ದವರು ಈಗ ಮೀಟರಿಗೊಂದು ಬಿಟ್ಟರೆ ಮುಗಿಯದೆ ಇನ್ನೇನು? ನೂರು ತುಂಬಿ ಹದಿಮೂರು ಜಾಸ್ತಿ ಉಂಟು. ಅದಕ್ಕೂ ದುಡ್ಡು ಬರೆಯುತ್ತೇನೆ."

"ಕೊಸರಿಗೆ ಕಾಸಾ? ಬಿಡ್ತು ಅನ್ನಿ!"

"ಹಾಗಾದರೆ ನೂರಕ್ಕೆ ಎಂಟು ರೂಪಾಯಿ ತೆಗೆದುಕೊಳ್ಳಿ. ಆರ್ಡರು ಮುಂದಿನ ವರ್ಷಕ್ಕೂ ನಿಮ್ಮದೇ."

ಎಂಟು ರೂಪಾಯಿ ಸೆರಗಿಗೆ ಕಟ್ಟಿಕೊಂಡಳು. ಬಸ್ಸಿನಲ್ಲಿ ಕುಶಾಲನಗರದವರೆಗೂ ಬೆರಳು ಮಡಿಸಿ ಎಣಿಸಿದಳು. ಜಾಸ್ತಿ ಇದೆ ಅನ್ನುತ್ತಾರೆ, ಅಳೆದರೆ ಐದು ಕಮ್ಮಿ. ಕಮ್ಮಿ ಹಗ್ಗಕ್ಕೆ ಪೂರ್ತಿ ದುಡ್ಡು ಕೊಟ್ಟುಬಿಟ್ಟರಲ್ಲ, ಪಾಪ, ರೈಟರಿಗೆ ಲೆಕ್ಕ ಬರುವುದಿಲ್ಲ.

ಮುಂದಿನ ವಾರ ಬಸ್ ಚಾರ್ಜು ಕೊಟ್ಟುಕೊಂಡು ಮತ್ತೆ ಮಾದಾಪುರದಲ್ಲಿ ಇಳಿದಳು. ಕಂಕುಳಲ್ಲಿ ಐದು ಮೀಟರ್ ಹಗ್ಗ, ಮೇಲೆ ಐದು ಗೇಣು.