ಕೂತು ಕೇಳುವವಳು

ಆ ಶನಿವಾರ ನನ್ನ ಹೆಂಡತಿ ಎಂದಿನಂತೆ ಇಡ್ಲಿ ಬೇಯಿಸಿ, ಲಂಡನ್ನಿನ ಟೂಟಿಂಗ್‌ನ ನಮ್ಮ ಫ್ಲಾಟಿನಲ್ಲಿ ಸೇರಿದ್ದ ಹವಾಮಾನ ಹೋರಾಟದ ಗೆಳೆಯರಿಗೆ ಬಡಿಸಿದಳು. ಸೋಮವಾರ ಬೆಳಿಗ್ಗೆ ರಸ್ತೆಯಲ್ಲಿ ಕೂತು ಬಸ್ ತಡೆಯುವುದೆಂದು ಅವರು ತೀರ್ಮಾನಿಸಿದರು. ಅವರೆಲ್ಲ ಹೋದ ಮೇಲೆ ಅವಳು ನನ್ನತ್ತ ತಿರುಗಿದಳು.

“ಹೋಯ್, ಆ ಬಸ್ಸಂಗ್ ಹೋಪ್ದ್ ಆಸ್ಪತ್ರಿ ಕ್ಲೀನರ್‌ಗಳ್. ಅವ್ರನ್ನ್ ತಡ್ದ್ರೆ ನಮ್ ಜೊತಿಗ್ ಬತ್ರಾ? ಮೊದ್ಲ್ ನಾವೆಲ್ಲ ಅವ್ರ್ ಫ್ಲಾಟಂಗೆ ಬೇಸಿಗಿ ಸೆಕಿ ಹ್ಯಾಂಗಿತ್ತ್ ಅಂದ್ ಕೂತ್ಕಂಡ್ ಕೇಂಬ.”

“ಕೇಂಬುಕೆ ಹೋದಲ್ಲೂ ಇಡ್ಲಿ ಹಂಚ್ತೆ ನೀನ್,” ಎಂದೆ. ನಕ್ಕಳು.

ಮರುದಿನ ಅವಳು ಹೃದಯಾಘಾತದಿಂದ ತೀರಿಕೊಂಡಳು. ಆದರೂ ಸೋಮವಾರ ಗೆಳೆಯರು ತೀರ್ಮಾನಿಸಿದಂತೆ ಬಸ್ ತಡೆದು, ಕೆಲಸಕ್ಕೆ ತಡವಾದವರಿಂದ ಬೈಸಿಕೊಂಡರು. ಆಮೇಲೆ ಗುಂಪು ಕರಗುತ್ತ ಬಂತು.

ಮನೆಯಲ್ಲಿ ಕೂರಲಾಗದೆ ಈಗ ನಾನೇ ಆ ಕ್ಲೀನರ್‌ಗಳಂಥವರು ಬಾಡಿಗೆಗಿರುವ ಕೌನ್ಸಿಲ್ ಕಟ್ಟಡಗಳ ಮಹಡಿ ಹತ್ತುತ್ತೇನೆ. ಬಾಗಿಲು ತಟ್ಟಿ, ಸೆಕೆಯ ಬಗ್ಗೆ ಕೇಳಿ, ಅವರ ಉತ್ತರ ಮುಗಿಯುವ ಮೊದಲೇ ಕರಪತ್ರ ಕೊಟ್ಟು ಮುಂದಿನ ಬಾಗಿಲಿಗೆ ಹೋಗುತ್ತೇನೆ. ನಿನ್ನೆ ಮೇಲಿನ ಮಹಡಿಯ ಒಬ್ಬ ಅಜ್ಜಿ, ನಿನ್ನ ಹೆಂಡತಿ ಒಳಗೆ ಬಂದು ಕೂರುತ್ತಿದ್ದಳು ಎಂದರು. ಹೌದು ಎಂದು ಹೇಳಿ ಮೆಟ್ಟಿಲಿಳಿದೆ.

ಹಾಗೆ ಕೂತು ಕೇಳುವವರು ನಮ್ಮಲ್ಲಿ ಇನ್ನೂ ಯಾರೂ ಇಲ್ಲ.